ಬಂಡೂರು ಕುರಿಯ ಬೀಜ ಉಳಿಸಿಕೊಳ್ಳುವ ಬಗೆ



ಬಂಡೂರು ಕುರಿಯನ್ನು ಮಂಡ್ಯ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಇದರ ತವರು. ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹಿಡಿದು ಬನ್ನೂರು ಕುರಿ ಎಂದೂ ಕರೆಯುತ್ತಾರೆ. ಸರ್ಕಾರದ ದಾಖಲೆಯಲ್ಲಿ ಇದು ಮಂಡ್ಯ ತಳಿ. ಹೆಸರು ಮೂರಾದರೂ ಕುರಿ ಒಂದೇ. ಗಿಡ್ಡ ಕಾಲು, ಅಗಲವಾದ ಬೆನ್ನು, ತುಂಬಿದ ತೊಡೆ, ಜೋಲುವ ಉದ್ದ ಕಿವಿ, ಕೊಂಬಿಲ್ಲದ ತಲೆ, ಬಿಳಿಯ ಮೈ. ಕೆಲವಕ್ಕೆ ಮುಖದ ಮೇಲೆ ತಿಳಿಗಂದು ಬಣ್ಣ, ಹಲವಕ್ಕೆ ಕೊರಳಲ್ಲಿ ತೂಗುವ ಎರಡು ಸಣ್ಣ ಮೊಲೆ. ಹಿಂದೆ ನಿಂತು ನೋಡಿದರೆ ತೊಡೆಗಳ ನಡುವಿನ ಸಂದು ಕಮಾನಿನಂತೆ ಕಾಣುತ್ತದೆ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಿಕೊಂಡಿರುವುದರಿಂದ ಬೇಯಿಸಿದಾಗ ಮೃದುವಾಗಿರುತ್ತದೆ. ಮೈಸೂರು, ಬೆಂಗಳೂರುಗಳ ಅಂಗಡಿಯವರು ಬೇರೆ ಸೀಮೆಯ ಮಾಂಸವನ್ನು ಕೂಡ ಬನ್ನೂರಿನದೆಂದು ಹೇಳಿ ಮಾರುವುದುಂಟು. ಹೆಸರಿಗೆ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಇದರ ಬೀಜ ಉಳಿಸಿಕೊಳ್ಳುವ ಮಾತೇಕೆ ಬಂತು ಎಂದು ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ ಕುರಿಗಳಿಗೇನೂ ಬರವಿಲ್ಲ. ೨೦೧೨ರ ಜಾನುವಾರು ಗಣತಿಯಲ್ಲಿ ಸುಮಾರು ೯೫ ಲಕ್ಷ ಇದ್ದವು. ೨೦೧೯ರ ಗಣತಿಯಲ್ಲಿ ಒಂದು ಕೋಟಿ ಹತ್ತು ಲಕ್ಷ ದಾಟಿದವು. ಆದರೆ ಕುರಿಗಳು ಹೆಚ್ಚುವುದು ಬೇರೆ, ಒಂದು ಜಾತಿಯ ಕುರಿ ಉಳಿಯುವುದು ಬೇರೆ. ರಾಗಿ ಬೆಳೆಯುವ ಹೊಲ ಹೆಚ್ಚಾದ ಮಾತ್ರಕ್ಕೆ ನಿಮ್ಮ ತಾತ ಬಿತ್ತುತ್ತಿದ್ದ ರಾಗಿ ಉಳಿದಿದೆಯೆ? ಕುರಿಯ ಸಂಗತಿಯೂ ಹಾಗೆಯೇ. ಹಟ್ಟಿಯಲ್ಲಿ ಮೂವತ್ತು ತಲೆ ಇದ್ದರೂ ಅವುಗಳಲ್ಲಿ ಶುದ್ಧ ಬಂಡೂರು ಒಂದೂ ಇಲ್ಲದಿರಬಹುದು.

ಜಾತಿ ಕೆಡುವುದು ಹೇಗೆಂದು ನೋಡೋಣ. ರೋಗ ಬಂದು ಕುರಿಗಳೆಲ್ಲ ಸತ್ತು ಜಾತಿ ಅಳಿಯುವುದು ಅಪರೂಪ. ಅದು ಟಗರಿನ ದಾರಿಯಿಂದ ಸದ್ದಿಲ್ಲದೆ ಹೋಗುತ್ತದೆ. ಮಂದೆಯಲ್ಲಿ ಹುಟ್ಟಿದ ಗಂಡುಮರಿಗಳಲ್ಲಿ ಚೆನ್ನಾಗಿ ಮೈಬಿಟ್ಟದ್ದು ಯಾವುದೋ ಅದರ ಮೇಲೆ ವ್ಯಾಪಾರಿಯ ಕಣ್ಣು ಮೊದಲು ಬೀಳುತ್ತದೆ. ಯುಗಾದಿಯ ಮಾರನೆಯ ದಿನದ ಹೊಸತೊಡಕು, ಊರ ಮಾರಿಹಬ್ಬ, ಬಕ್ರೀದ್, ಮದುವೆಯ ಬಳಿಕದ ಬೀಗರ ಔತಣ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಮೇಲಾದ ಮರಿ ವರ್ಷ ತುಂಬುವ ಮೊದಲೇ ಹಟ್ಟಿ ಬಿಡುತ್ತದೆ. ಉಳಿಯುವುದು ಯಾರೂ ಕೇಳದ ಬಡಕಲು ಮರಿ. ಕಡೆಗೆ ಅದೇ ಬೀಜದ ಟಗರಾಗುತ್ತದೆ. ರಾಗಿಯಲ್ಲಿ ದಪ್ಪ ತೆನೆಯನ್ನು ಆರಿಸಿ ಬೀಜಕ್ಕೆ ಕಟ್ಟಿಡುವ ಮನೆಯವರೇ ಕುರಿಯಲ್ಲಿ ಜೊಳ್ಳನ್ನು ಬೀಜಕ್ಕೆ ಇಡುತ್ತಾರೆ. ಇದು ವಿಚಿತ್ರ, ಆದರೆ ದಿನನಿತ್ಯ ನಡೆಯುವ ಮಾತು.

ಎರಡನೆಯ ದಾರಿ ಹೊರಗಿನ ದೊಡ್ಡ ಟಗರು. ಬೆಳೆದ ಬಂಡೂರು ಟಗರು ಸುಮಾರು ೩೫ ಕಿಲೋ, ಕುರಿ ಸುಮಾರು ೨೫ ಕಿಲೋ ತೂಗುತ್ತದೆ. ಇದಕ್ಕಿಂತ ಎತ್ತರದ, ತೂಕದ ಟಗರನ್ನು ಬಯಲುಸೀಮೆಯ ಸಂತೆಯಿಂದ ತಂದು ಮಂದೆಗೆ ಬಿಟ್ಟರೆ ಮೊದಲ ಸೂಲಿನ ಮರಿಗಳು ನೋಡುವುದಕ್ಕೆ ಬಹು ಚೆನ್ನಾಗಿರುತ್ತವೆ. ಬೇಗ ಬೆಳೆಯುತ್ತವೆ, ತೂಕವೂ ಬರುತ್ತದೆ. ರೈತನು ಹಿಗ್ಗಿ ಆ ಹೆಣ್ಣುಮರಿಗಳನ್ನೇ ಮಂದೆಗೆ ಇಟ್ಟುಕೊಳ್ಳುತ್ತಾನೆ. ತೊಂದರೆ ಕಾಣುವುದು ಮುಂದಿನ ತಲೆಮಾರಿನಲ್ಲಿ. ಮೊದಲ ಬೆರಕೆಯಲ್ಲಿ ಕಾಣುವ ಕಸುವು ಎರಡು ದೂರದ ರಕ್ತ ಕೂಡಿದ್ದರಿಂದ ಬಂದದ್ದು. ಬೆರಕೆಗೆ ಬೆರಕೆ ಕೂಡಿದಾಗ ಅದು ಇಳಿಯುತ್ತದೆ. ಮರಿಗಳು ಒಂದೊಂದು ಒಂದೊಂದು ರೂಪ ತಾಳುತ್ತವೆ. ಕಾಲು ಉದ್ದವಾಗುತ್ತದೆ, ತೊಡೆ ಬತ್ತುತ್ತದೆ, ವ್ಯಾಪಾರಿ ಇದು ಬಂಡೂರು ಅಲ್ಲವೆಂದು ಬೆಲೆ ಮುರಿಯುತ್ತಾನೆ. ಆಗ ಹಳೆಯ ಟಗರು ಬೇಕೆಂದರೆ ಊರಲ್ಲೆಲ್ಲೂ ಸಿಗುವುದಿಲ್ಲ, ಏಕೆಂದರೆ ನೆರೆಯವರೂ ಅದನ್ನೇ ಮಾಡಿರುತ್ತಾರೆ.

ಇಂಥದೇ ಒಂದು ಪಾಠ ಆಫ್ರಿಕದ ಕೀನ್ಯಾ ದೇಶದಲ್ಲಿ ನಡೆದಿದೆ. ಅಲ್ಲಿಯ ಮಸಾಯಿ ದನಗಾಹಿಗಳಲ್ಲಿ ಕೆಂಪು ಮಸಾಯಿ ಎಂಬ ಒಂದು ಕುರಿ ಇದೆ. ಗಾತ್ರದಲ್ಲಿ ದೊಡ್ಡದಲ್ಲ, ಆದರೆ ಹೊಟ್ಟೆಯ ಜಂತುಹುಳುವನ್ನು ತಡೆದುಕೊಳ್ಳುವ ಶಕ್ತಿ ಅದರ ರಕ್ತದಲ್ಲಿಯೇ ಇದೆ. ೧೯೭೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಡಾರ್ಪರ್ ಟಗರುಗಳು ಅಲ್ಲಿಗೆ ಬಂದವು. ಅವು ದೊಡ್ಡವು, ಬೇಗ ಬೆಳೆಯುವವು. ಎಲ್ಲರೂ ತಮ್ಮ ಕುರಿಗಳಿಗೆ ಅವನ್ನೇ ಬಿಟ್ಟರು. ಹುಳು ಹೆಚ್ಚಾಗಿರುವ ಒದ್ದೆ ಸೀಮೆಗಳಲ್ಲಿ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಡಾರ್ಪರ್ ತಾಳಲಿಲ್ಲ. ತಪ್ಪು ತಿಳಿದು ಶುದ್ಧ ಕೆಂಪು ಮಸಾಯಿ ಹುಡುಕುವ ಹೊತ್ತಿಗೆ ಸಂಶೋಧಕರಿಗೂ ಅವು ಸಿಗುವುದು ದುರ್ಲಭವಾಗಿತ್ತು. ಈಗ ನಮ್ಮ ಕಡೆಯೂ ಡಾರ್ಪರ್ ಮರಿಗಳನ್ನು ದೊಡ್ಡ ಬೆಲೆಗೆ ಮಾರುವವರು ಬಂದಿರುವುದರಿಂದ ಈ ಸಂಗತಿಯನ್ನು ಹೇಳಬೇಕಾಯಿತು.

ಹಾಗೆಂದು ಬೆರಕೆ ಮಾಡಲೇಬಾರದು ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಮಾಂಸಕ್ಕಾಗಿ ಬೆರಕೆ ಮರಿ ಬೇಕೆನ್ನುವವರು ತಮ್ಮ ಮಂದೆಯ ವಯಸ್ಸಾದ, ಕಡಿಮೆ ದರ್ಜೆಯ ಕುರಿಗಳಿಗೆ ಮಾತ್ರ ಹೊರಗಿನ ಟಗರನ್ನು ಬಿಡಲಿ. ಹುಟ್ಟಿದ ಮರಿಗಳನ್ನೆಲ್ಲ, ಹೆಣ್ಣಾದರೂ ಗಂಡಾದರೂ, ಮಾರಿಬಿಡಲಿ. ಮಂದೆಗೆ ಉಳಿಸಿಕೊಳ್ಳುವ ಹೆಣ್ಣುಮರಿ ಮಾತ್ರ ಬಂಡೂರು ಟಗರಿನಿಂದಲೇ ಹುಟ್ಟಿರಬೇಕು. ಈ ಒಂದು ಗೆರೆಯನ್ನು ದಾಟದಿದ್ದರೆ ಕೈಗೆ ಹಣವೂ ಬರುತ್ತದೆ, ತಾಯಿಬೇರೂ ಉಳಿಯುತ್ತದೆ. ಆದರೆ ಎರಡು ಬಗೆಯ ಟಗರನ್ನು ಒಂದೇ ಮಂದೆಯಲ್ಲಿ ಬಿಟ್ಟು, ಯಾವ ಮರಿ ಯಾವುದರದೆಂದು ಆಮೇಲೆ ನೋಡಿಕೊಳ್ಳೋಣ ಎಂದರೆ ಆಗದು.

ಇನ್ನು ಮೂರನೆಯ ಕೇಡು. ಹೊರಗಿನ ಟಗರನ್ನು ಬಿಡದೆ, ಜಾತಿ ಶುದ್ಧವಾಗಿರಲೆಂದು ಮನೆಯ ಒಂದೇ ಟಗರನ್ನು ವರ್ಷಗಟ್ಟಲೆ ಇಟ್ಟುಕೊಂಡವರ ಮಂದೆಯಲ್ಲಿ ಇದು ಬರುತ್ತದೆ. ಕುರಿ ಐದು ತಿಂಗಳು ಗಬ್ಬದಲ್ಲಿದ್ದು ಮರಿ ಹಾಕುತ್ತದೆ. ಹೆಣ್ಣುಮರಿ ಒಂದೂಕಾಲು, ಒಂದೂವರೆ ವರ್ಷಕ್ಕೆ ತಾನೂ ಬೆದೆಗೆ ಬರುತ್ತದೆ. ಅಂದರೆ ಟಗರು ಮಂದೆಗೆ ಬಿದ್ದು ಎರಡು ವರ್ಷವಾಗುವಷ್ಟರಲ್ಲಿ ಅದರ ಮಗಳೇ ಅದರೆದುರಿಗೆ ನಿಂತಿರುತ್ತಾಳೆ. ಮರುವರ್ಷ ಅದೇ ಟಗರಿನ ಮಗನನ್ನು ಬೀಜಕ್ಕೆ ಬಿಟ್ಟರೆ ಅಣ್ಣತಂಗಿಯರು ಕೂಡುತ್ತವೆ.

ಇದರಿಂದ ಏನು ಕೇಡೆಂದರೆ: ಪ್ರತಿಯೊಂದು ಮರಿಗೂ ಪ್ರತಿಯೊಂದು ಗುಣಕ್ಕೆ ಎರಡು ಬೀಜಕಣ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಇವನ್ನೇ ವಂಶವಾಹಿ ಎನ್ನುವುದು. ದೋಷವುಳ್ಳ ವಂಶವಾಹಿ ಬಹುಮಟ್ಟಿಗೆ ಎಲ್ಲ ಪ್ರಾಣಿಗಳಲ್ಲೂ ಒಂದೆರಡು ಅಡಗಿರುತ್ತದೆ. ಜೊತೆಯದು ಒಳ್ಳೆಯದಾಗಿದ್ದರೆ ದೋಷ ತಲೆಯೆತ್ತುವುದಿಲ್ಲ. ತಂದೆ ಮಗಳು ಕೂಡಿದರೆ ಹುಟ್ಟುವ ಮರಿಗೆ ಯಾವುದೇ ಗುಣದಲ್ಲಿ ಎರಡೂ ಕಡೆಯಿಂದ ಒಂದೇ ಮೂಲದ ವಂಶವಾಹಿ ಬಂದು ಸೇರುವ ಸಂಭವ ನೂರಕ್ಕೆ ೨೫. ಒಂದೇ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳು ಕೂಡಿದರೆ ನೂರಕ್ಕೆ ಹನ್ನೆರಡೂವರೆ. ಆಗ ಅಡಗಿದ್ದದ್ದು ಹೊರಗೆ ಬೀಳುತ್ತದೆ. ಕೆಳದವಡೆ ಗಿಡ್ಡವಾಗಿ ಹಲ್ಲು ಸೇರದ ಮರಿ, ಒಂದೇ ಬೀಜವಿರುವ ಗಂಡುಮರಿ, ಹುಟ್ಟಿದ ವಾರದಲ್ಲೇ ಸಾಯುವ ಸಣ್ಣ ಮರಿ, ಬೆದೆಗೆ ಬಂದರೂ ಗಬ್ಬ ನಿಲ್ಲದ ಕುರಿ ಹೆಚ್ಚುತ್ತವೆ. ಇವನ್ನು ಕಂಡು ದೃಷ್ಟಿಯಾಯಿತೆಂದು ಹಟ್ಟಿಗೆ ಬೂದುಗುಂಬಳ ಕಟ್ಟುವವರೂ ಇದ್ದಾರೆ. ಕಟ್ಟಬೇಡಿ ಎನ್ನುವುದಿಲ್ಲ; ಟಗರನ್ನೂ ಬದಲಾಯಿಸಿ ಎನ್ನುತ್ತೇವೆ.

ಒಂದು ಸಣ್ಣ ಲೆಕ್ಕವಿದೆ, ಮಕ್ಕಳ ಕೈಯಲ್ಲಿ ಮಾಡಿಸಿ ನೋಡಿರಿ. ನಿಮ್ಮ ಮಂದೆಯ ಟಗರುಗಳ ಸಂಖ್ಯೆಯನ್ನು ಮರಿ ಹಾಕುವ ಕುರಿಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಟಗರು ಕುರಿ ಎರಡೂ ಕೂಡಿದ ಒಟ್ಟು ತಲೆಗಳಿಂದ ಭಾಗಿಸಿರಿ. ಒಂದು ಟಗರು, ನಲವತ್ತು ಕುರಿ ಇದ್ದರೆ ಉತ್ತರ ಸುಮಾರು ನಾಲ್ಕು. ಅಂದರೆ ರಕ್ತದ ವೈವಿಧ್ಯದ ಮಟ್ಟಿಗೆ ಆ ನಲವತ್ತೊಂದು ತಲೆಗಳ ಮಂದೆ ಎರಡು ಗಂಡು, ಎರಡು ಹೆಣ್ಣು ಇರುವ ಮಂದೆಗೆ ಸಮ. ಒಂದು ಟಗರಿಗೆ ನೂರು ಕುರಿ ಕಟ್ಟಿದರೂ ಉತ್ತರ ನಾಲ್ಕನ್ನು ದಾಟುವುದಿಲ್ಲ! ಅದೇ ನಲವತ್ತು ಕುರಿಗಳಿಗೆ ನಾಲ್ಕು ಟಗರುಗಳಿದ್ದರೆ ಉತ್ತರ ಹದಿನಾಲ್ಕೂವರೆ. ಹುಟ್ಟುವ ಪ್ರತಿ ಮರಿಯ ರಕ್ತದಲ್ಲಿ ಅರ್ಧ ಟಗರಿನದಾದ್ದರಿಂದ ಹೀಗಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ೨೦೦೭ರ ತಮ್ಮ ವರದಿಯಲ್ಲಿ ಅಪಾಯದ ಗೆರೆ ಎಳೆಯುವಾಗಲೂ ಗಂಡಿನ ಲೆಕ್ಕವನ್ನು ಬೇರೆ ಹಿಡಿದಿದ್ದಾರೆ: ಮರಿ ಹಾಕುವ ಹೆಣ್ಣು ಸಾವಿರಕ್ಕೆ ಇಳಿದರೂ, ಬೀಜದ ಗಂಡು ಇಪ್ಪತ್ತಕ್ಕೆ ಇಳಿದರೂ, ಆ ಜಾತಿ ಅಪಾಯದಲ್ಲಿದೆ ಎಂದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಿಡ್ಡ ಕುರಿಗಳನ್ನು, ಕಪ್ಪು ಕುರಿಗಳನ್ನು, ಒರಟು ಉಣ್ಣೆಯ ಕುರಿಗಳನ್ನು ಉಳಿಸಿ ಏನು ಬರುತ್ತದೆ? ಇದಕ್ಕೆ ಬಂಗಾಳದ ಗರೋಲ್ ಕುರಿಯ ಕಥೆಯೇ ಉತ್ತರ. ಸುಂದರಬನದ ಉಪ್ಪುನೀರಿನ ಜೌಗಿನಲ್ಲಿ ಮೇಯುವ ಈ ಕುರಿ ಬೆಳೆದರೂ ಹತ್ತು ಹದಿನೈದು ಕಿಲೋ ಮೀರುವುದು ಕಡಿಮೆ. ನಮ್ಮ ಸಂತೆಗೆ ತಂದರೆ ಮರಿಯೆಂದು ತಿಳಿದಾರು. ೧೭೯೨-೯೩ರಲ್ಲಿ ಕಲ್ಕತ್ತೆಯಿಂದ ಹೊರಟ ಹಡಗುಗಳಲ್ಲಿ ಬಂಗಾಳದ ಕುರಿಗಳು ಆಸ್ಟ್ರೇಲಿಯಕ್ಕೆ ಹೋದವು. ಅಲ್ಲಿ ಅವುಗಳ ರಕ್ತ ಬೇರೆ ಕುರಿಗಳಲ್ಲಿ ಬೆರೆತು ಮರೆತೇ ಹೋಯಿತು. ನೂರೈವತ್ತು ವರ್ಷ ಕಳೆದ ಮೇಲೆ ಬೂರೂಲ ಎಂಬ ಒಂದು ಹಿಡುವಳಿಯ ಮೆರಿನೊ ಕುರಿಗಳು ಅವಳಿ, ತ್ರಿವಳಿ ಮರಿ ಹಾಕುತ್ತಿದ್ದುದನ್ನು ವಿಜ್ಞಾನಿಗಳು ಗಮನಿಸಿದರು. ೨೦೦೧ರಲ್ಲಿ ಅದಕ್ಕೆ ಕಾರಣವಾದ ವಂಶವಾಹಿಯನ್ನು ಗುರುತಿಸಿದರು. ೨೦೦೨ರಲ್ಲಿ ಅದೇ ವಂಶವಾಹಿ ಗರೋಲ್ ಕುರಿಯಲ್ಲಿ ಇರುವುದು ಪರೀಕ್ಷೆಯಿಂದ ತಿಳಿಯಿತು. ಮಹಾರಾಷ್ಟ್ರದ ಫಲಟಣದಲ್ಲಿ ಬನಬಿಹಾರಿ ನಿಂಬಕರ್ ಅವರು ಕಟ್ಟಿದ ಸಂಸ್ಥೆಯವರು ಗರೋಲ್‌ನ ಆ ಒಂದು ಗುಣವನ್ನು ದಖ್ಖನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿ ಮಾಡಿದರು. ಅದರಲ್ಲಿ ಅವಳಿ ಮರಿ ಸಾಮಾನ್ಯ. ಸುಂದರಬನದ ಬಡ ರೈತರು ಗಿಡ್ಡ ಕುರಿ ಬೇಡವೆಂದು ದೊಡ್ಡ ಟಗರು ಬಿಟ್ಟಿದ್ದರೆ ಈ ಗುಣವನ್ನು ಎಲ್ಲಿಂದ ತರುತ್ತಿದ್ದರು?

ನಮ್ಮಲ್ಲಿಯೂ ಪ್ರತಿ ಸೀಮೆಗೆ ತಕ್ಕ ಕುರಿ ಇದೆ. ದಖ್ಖನಿ ಕುರಿ ಬಿಸಿಲಿನಲ್ಲಿ ದಿನವೆಲ್ಲ ನಡೆದು ಕೂಳೆ ಮೇಯ್ದು ಬದುಕುತ್ತದೆ, ಕಂಬಳಿಗೆ ಕರಿಯ ಉಣ್ಣೆ ಕೊಡುತ್ತದೆ. ಬಳ್ಳಾರಿ, ಹಾಸನ ಕುರಿಗಳಿವೆ. ರಾಯಚೂರು, ಕೊಪ್ಪಳದ ಕಡೆ ಕೆಂಗುರಿ ಬೇಗ ಮೈಬಿಡುತ್ತದೆ. ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಬಂಡೂರು ಕುರಿ ನಾಲೆ ಬಯಲಿನ ಸಣ್ಣ ಹಿಡುವಳಿಗೆ ಹೇಳಿಸಿದಂತಿದೆ: ನಾಲ್ಕಾರು ಕುರಿಗಳನ್ನು ಬದುವಿನ ಮೇಲೆ ಗೂಟಕ್ಕೆ ಕಟ್ಟಿ ಮೇಯಿಸಬಹುದು, ಮನೆಯ ಹೆಂಗಸರು ನೋಡಿಕೊಳ್ಳಬಹುದು, ಮೇವು ಕಡಿಮೆ ಸಾಕು.

ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯವರು ಈ ಜಾತಿಗಳನ್ನು ದಾಖಲೆ ಮಾಡಿದ್ದಾರೆ. ವೀರ್ಯವನ್ನು ಶೈತ್ಯದಲ್ಲಿ ಕೂಡಿಡುವ ಏರ್ಪಾಡೂ ಅಲ್ಲಿದೆ. ಆದರೆ ಹಸುವಿಗೆ ಇಂಜೆಕ್ಷನ್ ಕೊಡಿಸಿದಷ್ಟು ಸುಲಭವಾಗಿ ಕುರಿಗೆ ಆಗುವುದಿಲ್ಲ. ಕುರಿಯ ಗರ್ಭಕೋಶದ ಬಾಯಿ ತಿರುಚಿಕೊಂಡಿರುವುದರಿಂದ ನಳಿಗೆ ಒಳಗೆ ಹೋಗದು. ಹೆಪ್ಪುಗಟ್ಟಿಸಿದ ವೀರ್ಯದಿಂದ ಗಬ್ಬ ನಿಲ್ಲುವುದು ಕಡಿಮೆ. ಆದುದರಿಂದ ಕುರಿಯ ನಿಜವಾದ ಬೀಜದ ಕಣಜವೆಂದರೆ ನಿಮ್ಮ ಹಟ್ಟಿಯಲ್ಲಿ ಬದುಕಿರುವ ಟಗರೇ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಒಬ್ಬನೇ ರೈತ ನಾಲ್ಕು ಟಗರು ಸಾಕುವುದು ಕಷ್ಟ. ಊರು ಸಾಕುವುದು ಕಷ್ಟವಲ್ಲ. ಕುರಿ ಇರುವ ಮನೆಗಳವರು ನಾಲ್ಕು ಗುಂಪಾಗಿರಿ. ಕೇರಿಯ ಪ್ರಕಾರ ಆದರೆ ನೆನಪಿಗೆ ಒಳ್ಳೆಯದು: ಮೂಡಲ ಕೇರಿ, ತೆಂಕಲ ಕೇರಿ, ಪಡುವಲ ಕೇರಿ, ಬಡಗಲ ಕೇರಿ. ಹೆಣ್ಣುಮರಿ ಹುಟ್ಟಿದ ಕೇರಿಯಲ್ಲೇ ಉಳಿಯಲಿ. ಬೀಜಕ್ಕೆ ಆರಿಸಿದ ಗಂಡುಮರಿ ಮಾತ್ರ ಮುಂದಿನ ಕೇರಿಗೆ ಹೋಗಲಿ. ಮೂಡಲಿನದು ಯಾವಾಗಲೂ ತೆಂಕಲಿಗೆ, ತೆಂಕಲಿನದು ಪಡುವಲಿಗೆ, ಪಡುವಲಿನದು ಬಡಗಲಿಗೆ, ಬಡಗಲಿನದು ಮೂಡಲಿಗೆ. ದೇವಸ್ಥಾನದ ಪ್ರದಕ್ಷಿಣೆಯಂತೆ ಒಂದೇ ಕಡೆ ಸುತ್ತಬೇಕು, ಹಿಂದಕ್ಕೆ ಬರಬಾರದು. ಹೀಗೆ ಮಾಡಿದರೆ ಯಾವ ಟಗರೂ ತನ್ನ ತಾಯಿಯ ಮಂದೆಯಲ್ಲಿ ಉಳಿಯುವುದಿಲ್ಲ. ಎರಡು ವರ್ಷಕ್ಕೆ ಒಮ್ಮೆ ಟಗರನ್ನು ಬದಲಾಯಿಸಿದರೆ ತಂದೆ ಮಗಳ ಭೇಟಿಯೂ ತಪ್ಪುತ್ತದೆ. ಒಂದು ಟಗರಿಗೆ ಇಪ್ಪತ್ತೈದು ಮೂವತ್ತು ಕುರಿ ಸಾಕು. ಎಂಟು ಹತ್ತು ವರ್ಷಕ್ಕೊಮ್ಮೆಯಾದರೂ ನೆರೆ ಊರಿನ ಶುದ್ಧ ಮಂದೆಯಿಂದ ಹೊಸ ಟಗರನ್ನು ತನ್ನಿರಿ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ಜಾತಿಗೆಂದೇ ಕುರಿ ಸಂವರ್ಧನಾ ಕೇಂದ್ರವಿದೆ, ಅಲ್ಲಿಯೂ ವಿಚಾರಿಸಬಹುದು. ಹೊರಗಿನಿಂದ ಬಂದದ್ದನ್ನು ಮೂರು ವಾರ ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ, ಲಸಿಕೆ ಹಾಕಿಸಿದ ಮೇಲೆ ಮಂದೆಗೆ ಬಿಡಿರಿ.

ಗಂಡುಮರಿಯನ್ನು ಆರಿಸುವಾಗ ಅದರ ತಾಯಿಯನ್ನು ಮೊದಲು ನೋಡಿರಿ. ವರ್ಷವರ್ಷವೂ ಮರಿ ಹಾಕಿ, ಹಾಲು ಕೊಟ್ಟು ಸಾಕಿದ ಕುರಿಯ ಮರಿ ಆಗಬೇಕು. ಬಾಯಿ ತೆರೆದು ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂಡುತ್ತದೆಯೇ ನೋಡಿ. ಎರಡು ಬೀಜವೂ ಸಮವಾಗಿ ಇಳಿದಿವೆಯೇ ಮುಟ್ಟಿ ನೋಡಿ. ಕಾಲು ನೆಟ್ಟಗಿರಲಿ, ತೊಡೆಯ ಕಮಾನು ತುಂಬಿರಲಿ. ಇದಿಷ್ಟು ಸರಿಯಿದ್ದರೆ ಮುಖದ ಬಣ್ಣ, ಕೊರಳ ಮೊಲೆ ಇವಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಚಂದದ ಟಗರಿನ ಮಕ್ಕಳನ್ನೇ ಊರೆಲ್ಲ ಇಟ್ಟುಕೊಂಡರೆ ಮತ್ತೆ ಹಳೆಯ ಕೇಡೇ. ಮೂರು ನಾಲ್ಕು ಬೇರೆ ಬೇರೆ ಕುರಿಗಳ ಮರಿಗಳು ಉಳಿಯಲಿ. ಆರಿಸದೆ ಬಿಟ್ಟ ಗಂಡುಮರಿಗಳಿಗೆ ನಾಲ್ಕೈದು ತಿಂಗಳೊಳಗೆ ಬೀಜ ಒಡೆಸಿರಿ, ಇಲ್ಲವೆ ಬೇರೆ ಕಟ್ಟಿರಿ. ಮಂದೆಯಲ್ಲಿ ಬಿಟ್ಟಿರೋ, ನೀವು ಹಾಕಿದ ಲೆಕ್ಕವನ್ನೆಲ್ಲ ಅವು ಒಂದೇ ರಾತ್ರಿಯಲ್ಲಿ ಅಳಿಸಿಬಿಡುತ್ತವೆ.

ಹಣದ ಮಾತನ್ನು ಬಚ್ಚಿಡುವುದು ಸರಿಯಲ್ಲ. ಮೇಲಾದ ಮರಿಯನ್ನು ಮಾರದೆ ಇಟ್ಟುಕೊಂಡವನಿಗೆ ಆ ವರ್ಷದ ದುಡ್ಡು ಹೋಗುತ್ತದೆ. ಅದರ ಲಾಭ ಮಾತ್ರ ಕೇರಿಗೆಲ್ಲ. ಇದನ್ನು ಒಬ್ಬನ ಮೇಲೆ ಹೊರಿಸಿದರೆ ನಡೆಯದು. ಟಗರನ್ನು ಪಡೆಯುವ ಕೇರಿಯವರು ವ್ಯಾಪಾರಿ ಕೊಡುವ ಬೆಲೆಯನ್ನು ಕುರಿಯ ತಲೆಯ ಮೇಲೆ ಹಂಚಿಕೊಂಡು ಕೊಡಬೇಕು. ಇಪ್ಪತ್ತೈದು ಕುರಿಗಳ ಮೇಲೆ ಹಂಚಿದರೆ ಒಂದು ಕುರಿಗೆ ಬೀಳುವ ಪಾಲು ಟಗರಿನ ಬೆಲೆಯ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ಎರಡು ವರ್ಷದ ಕೆಲಸ ಮುಗಿದ ಮೇಲೆ ಟಗರನ್ನು ಮಾರಿದರೆ ಅದರಲ್ಲಿ ಬಹುಪಾಲು ಹಿಂದಕ್ಕೆ ಬರುತ್ತದೆ. ಹಾಲಿನ ಸಂಘ ನಡೆಸಿ ಅಭ್ಯಾಸವಿರುವ ಊರುಗಳಿಗೆ ಈ ಲೆಕ್ಕ ಹೊಸದೇನಲ್ಲ. ಕುರಿ ಸಾಕುವವರ ಸಹಕಾರ ಸಂಘವಿರುವ ಕಡೆ ಅದರ ಮೂಲಕವೇ ಮಾಡಬಹುದು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಕಚೇರಿಯಲ್ಲಿಯೂ, ನಿಮ್ಮ ಪಶು ಆಸ್ಪತ್ರೆಯಲ್ಲಿಯೂ ಕೇಳಿ ತಿಳಿಯಿರಿ.

ಮುಂಗಾರು ಬಿದ್ದು ಮೇವು ಚಿಗುರಿದ ಮೇಲೆ ಬೆದೆಗೆ ಬಂದ ಕುರಿಗಳು ಕಾರ್ತಿಕ, ಮಾರ್ಗಶಿರದ ಹೊತ್ತಿಗೆ ಮರಿ ಹಾಕುತ್ತವೆ. ಆ ಮರಿಗಳು ಮೂರು ತಿಂಗಳಾದಾಗ, ಅಂದರೆ ಹೊಸತೊಡಕಿನ ವ್ಯಾಪಾರಿ ಊರಿಗೆ ಕಾಲಿಡುವ ಮೊದಲೇ, ಕೇರಿಯವರೆಲ್ಲ ಒಂದು ದಿನ ಕೂಡಿ ಬೀಜದ ಮರಿಗಳನ್ನು ಆರಿಸಿ ಕಿವಿಗೆ ಓಲೆ ಹಾಕಿಸಿಬಿಡಿ. ಶಾಲೆಗೆ ಹೋಗುವ ಒಬ್ಬ ಹುಡುಗನ ಅಥವಾ ಹುಡುಗಿಯ ಕೈಗೆ ಒಂದು ಪುಸ್ತಕ ಕೊಟ್ಟು, ಮರಿಯ ಓಲೆಯ ನಂಬರು, ತಾಯಿ ಯಾರ ಮನೆಯದು, ತಂದೆ ಯಾವ ಟಗರು, ಹುಟ್ಟಿದ ತಿಂಗಳು, ಯಾವ ಕೇರಿಗೆ ಹೋಯಿತು, ಇಷ್ಟನ್ನು ಬರೆಸಿರಿ. ಓಲೆ ಬಿದ್ದ ಮರಿಗೆ ವ್ಯಾಪಾರಿ ಎಷ್ಟು ಹೇಳಿದರೂ ಆ ವರ್ಷ ಬೆಲೆ ಮಾತನಾಡಬೇಡಿ.